ಗಂಟೆಗೊಂದು ಗಂಟು

ಮಕ್ಕಳೇ, ಈ ವಾರ ಒಂದು ಗಡಿಯಾರದ ಮುಂದೆ ನಿಲ್ಲೋಣ. ಸ್ವಿಟ್ಜರ್ಲೆಂಡಿನ ರೈಲು ನಿಲ್ದಾಣಗಳಲ್ಲಿ ಎಲ್ಲಿ ನೋಡಿದರೂ ಒಂದೇ ಮಾದರಿಯ ಗಡಿಯಾರ ತೂಗುತ್ತಿರುತ್ತದೆ. ಬಿಳಿಯ ಮುಖ. ಅಂಕಿಗಳಿಲ್ಲ, ಬರೀ ಕಪ್ಪು ಗೆರೆಗಳು. ಗಂಟೆಗೊಂದು, ನಿಮಿಷಕ್ಕೊಂದು ದಪ್ಪನೆಯ ಕಪ್ಪು ಮುಳ್ಳು. ಸೆಕೆಂಡಿನ ಮುಳ್ಳು ಮಾತ್ರ ಕೆಂಪು, ಅದರ ತುದಿಯಲ್ಲೊಂದು ದುಂಡನೆಯ ಬಿಲ್ಲೆ. ಹಿಂದೆ ರೈಲು ಹೊರಡಬಹುದು ಎಂದು ಸೂಚಿಸಲು ನಿಲ್ದಾಣದವರು ಎತ್ತಿ ತೋರಿಸುತ್ತಿದ್ದ ಬಿಲ್ಲೆಗೋಲಿನ ಆಕಾರ ಅದು. ಹನ್ಸ್ ಹಿಲ್ಫಿಕರ್ ಎಂಬ ರೈಲ್ವೆ ಎಂಜಿನಿಯರ್ 1944ರಲ್ಲಿ ಈ ಗಡಿಯಾರವನ್ನು ರೂಪಿಸಿದರು. ಕೆಂಪು ಮುಳ್ಳು ಕೆಲವು ವರ್ಷಗಳ ನಂತರ ಸೇರಿಕೊಂಡಿತು.

ಆ ಕೆಂಪು ಮುಳ್ಳಿನದೊಂದು ವಿಚಿತ್ರ ಅಭ್ಯಾಸ. ಅದು ಒಂದು ಸುತ್ತಿಗೆ 60 ಸೆಕೆಂಡು ತೆಗೆದುಕೊಳ್ಳುವುದಿಲ್ಲ. 58-59 ಸೆಕೆಂಡಿಗೇ ಸುತ್ತು ಮುಗಿಸಿ, ಮೇಲೆ 12ರ ಜಾಗದಲ್ಲಿ ಬಂದು ಸುಮ್ಮನೆ ನಿಂತುಬಿಡುತ್ತದೆ. ಮುಖ್ಯ ಗಡಿಯಾರದಿಂದ ವಿದ್ಯುತ್ ಸಂಕೇತ ಬಂದ ಕೂಡಲೇ ನಿಮಿಷದ ಮುಳ್ಳು ಒಂದು ಮನೆ ಮುಂದಕ್ಕೆ ಜಿಗಿಯುತ್ತದೆ, ಕೆಂಪು ಮುಳ್ಳು ಮತ್ತೆ ನಡೆಯಲು ಶುರುಮಾಡುತ್ತದೆ. ಹೀಗಾಗಿ ಎಲ್ಲ ನಿಲ್ದಾಣಗಳಲ್ಲೂ ನಿಮಿಷ ಬದಲಾಗುವುದು ಒಂದೇ ಹೊತ್ತಿಗೆ. ಸ್ವಲ್ಪ ಬೇಗ ಬಾ, ಉಳಿದವರಿಗಾಗಿ ಒಂದು ಕ್ಷಣ ಕಾಯಿ, ಎಲ್ಲರೂ ಕೂಡಿ ಹೊರಡಿ. ಆ ದೇಶದ ರೈಲು, ಬಸ್ಸು, ಟ್ರಾಮುಗಳೆಲ್ಲ ನಡೆಯುವ ಕ್ರಮವೂ ಹೆಚ್ಚುಕಡಿಮೆ ಇದೇ. ಈ ವಾರದ ನಮ್ಮ ಪಾಠವೂ ಅದೇ.

ಮೊದಲು ದೇಶದ ಅಳತೆ ತಿಳಿದುಕೊಳ್ಳೋಣ. ಸ್ವಿಟ್ಜರ್ಲೆಂಡಿನ ವಿಸ್ತೀರ್ಣ ಸುಮಾರು 41,000 ಚದರ ಕಿ.ಮೀ. ನಮ್ಮ ಕರ್ನಾಟಕದ್ದು ಸುಮಾರು 1,91,800. ಅಂದರೆ ಅಂಥ ನಾಲ್ಕೂವರೆ ದೇಶಗಳು ನಮ್ಮ ಒಂದು ರಾಜ್ಯದೊಳಗೆ ಹಿಡಿಸುತ್ತವೆ. ಜನ ಸುಮಾರು 90 ಲಕ್ಷ. ಬೆಂಗಳೂರಿನ ಜನಸಂಖ್ಯೆಯೇ ಅದಕ್ಕಿಂತ ಹೆಚ್ಚು. ನೆಲದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಬೆಟ್ಟ, ಹಿಮ, ಕಣಿವೆ. ರಾಷ್ಟ್ರಭಾಷೆಗಳು ನಾಲ್ಕು: ಜರ್ಮನ್, ಫ್ರೆಂಚ್, ಇಟಾಲಿಯನ್, ರೊಮಾನ್ಶ್. ಇಷ್ಟು ಸಣ್ಣ, ಏರುಪೇರಿನ ನಾಡಿನಲ್ಲಿ 5,000 ಕಿ.ಮೀ.ಗೂ ಹೆಚ್ಚು ರೈಲು ಹಳಿಯಿದೆ.

ಆ ದೇಶದೊಳಗಿನ ಮೊದಲ ರೈಲು 1847ರ ಆಗಸ್ಟ್‌ನಲ್ಲಿ ಜ್ಯೂರಿಕ್‌ನಿಂದ ಬಾಡೆನ್ ಎಂಬ ಊರಿಗೆ ಓಡಿತು. ಬೋರಿಬಂದರಿನಿಂದ ಠಾಣೆಗೆ ನಮ್ಮ ಮೊದಲ ಪ್ರಯಾಣಿಕರ ರೈಲು ಹೊರಟಿದ್ದು 1853ರ ಏಪ್ರಿಲ್ 16ರಂದು. ಅಂದರೆ ಅವರು ನಮಗಿಂತ ಆರು ವರ್ಷ ಮಾತ್ರ ಹಿರಿಯರು. ಬಾಡೆನ್ ಊರಿನಲ್ಲಿ ಒಂದು ಬಗೆಯ ಸಿಹಿ ಬನ್ನು ಪ್ರಸಿದ್ಧವಾಗಿತ್ತು. ಜ್ಯೂರಿಕ್‌ನ ಶ್ರೀಮಂತರ ಮನೆಗೆ ಆ ಬನ್ನು ಬೆಳಗಿನ ತಿಂಡಿಗೆ ಬಿಸಿಬಿಸಿಯಾಗಿ ತಲುಪುವಂತಾಯಿತು ಎಂದು ಜನ ಆ ರೈಲಿಗೆ ಬನ್ನಿನ ಹೆಸರನ್ನೇ ಇಟ್ಟರು.

ಆಮೇಲೆ ಖಾಸಗಿ ಕಂಪನಿಗಳು ಪೈಪೋಟಿಯಲ್ಲಿ ಹಳಿ ಹಾಕಿದವು. 1898ರಲ್ಲಿ ದೇಶದ ಜನ ಮತ ಹಾಕಿ, ಮುಖ್ಯ ರೈಲುಗಳು ಸರ್ಕಾರದ ಕೈಗೆ ಬರಲಿ ಎಂದರು. 1902ರಲ್ಲಿ ಒಕ್ಕೂಟ ಸರ್ಕಾರದ ರೈಲ್ವೆ ಕೆಲಸ ಆರಂಭಿಸಿತು. ಮೊದಲನೆಯ ಮಹಾಯುದ್ಧದ ಕಾಲಕ್ಕೆ ಕಲ್ಲಿದ್ದಲಿಗೆ ತತ್ವಾರ ಬಂತು. ಆ ದೇಶದಲ್ಲಿ ಕಲ್ಲಿದ್ದಲು ಇಲ್ಲ, ಆದರೆ ಬೆಟ್ಟದಿಂದ ಧುಮುಕುವ ನೀರಿಗೆ ಕೊರತೆಯಿಲ್ಲ. ಆ ನೀರಿನಿಂದ ವಿದ್ಯುತ್ ತೆಗೆದು ರೈಲು ಓಡಿಸಲು ಹೊರಟರು. ಇವತ್ತು ಅಲ್ಲಿ ಹೆಚ್ಚುಕಡಿಮೆ ಎಲ್ಲ ಹಳಿಯ ಮೇಲೂ ವಿದ್ಯುತ್ ತಂತಿಯಿದೆ.

ಹಳಿಯಿತ್ತು, ವಿದ್ಯುತ್ ಇತ್ತು, ಗಡಿಯಾರವೂ ಇತ್ತು. ಆದರೂ 1960ರ ದಶಕದ ಹೊತ್ತಿಗೆ ಜನ ರೈಲು ಬಿಟ್ಟು ಕಾರು ಹಿಡಿಯತೊಡಗಿದರು. ಕಾರಣ ಏನಿರಬಹುದು? ರೈಲು ನಿಧಾನವೇ? ಅಷ್ಟೇ ಅಲ್ಲ. ಒಬ್ಬ ಅಜ್ಜಿಯ ಪ್ರಯಾಣ ಊಹಿಸಿಕೊಳ್ಳಿ. ಅವರು ಜ್ಯೂರಿಕ್‌ನಲ್ಲಿ ರೈಲು ಹತ್ತಿ, ಬರ್ನ್‌ನಲ್ಲಿ ಇಳಿದು, ಅಲ್ಲಿಂದ ಸಣ್ಣ ರೈಲು ಹಿಡಿದು, ಮುಂದೆ ಬಸ್ಸಿನಲ್ಲಿ ಮಗಳ ಹಳ್ಳಿಗೆ ಹೋಗಬೇಕು. ದೊಡ್ಡ ರೈಲು ಎಷ್ಟೇ ಜೋರಾಗಿ ಓಡಲಿ, ಬರ್ನ್‌ನಲ್ಲಿ 50 ನಿಮಿಷ, ಬಸ್ಸಿಗೆ ಮತ್ತೆ 40 ನಿಮಿಷ ಕಾಯುವುದಾದರೆ ಆ ವೇಗದಿಂದ ಅಜ್ಜಿಗೇನು ಬಂತು? ಕಾರಿರುವವನು ಮನೆಯಿಂದ ಮನೆಗೆ ಹೋಗುತ್ತಾನೆ. ಕಾರಿಲ್ಲದ ಅಜ್ಜಿ ಬೆಂಚಿನಿಂದ ಬೆಂಚಿಗೆ ಹೋಗುತ್ತಾರೆ.

1970ರ ಆಸುಪಾಸಿನಲ್ಲಿ ಆ ರೈಲ್ವೆಯ ಕೆಲವು ತರುಣ ಎಂಜಿನಿಯರುಗಳು ಈ ಬೆಂಚಿನ ಲೆಕ್ಕ ಹಿಡಿದು ಕುಳಿತರು. ನೆದರ್‌ಲ್ಯಾಂಡ್ಸ್ ದೇಶ 1970ರಲ್ಲಿ ಇಂಥದೇ ಒಂದು ವೇಳಾಪಟ್ಟಿಯನ್ನು ತಂದಿತ್ತು. ಸ್ವಿಟ್ಜರ್ಲೆಂಡಿನ ತರುಣರು ತಮ್ಮ ನಾಡಿಗೆ ಹೊಂದುವಂತೆ ಅದನ್ನು ಬೆಳೆಸಿದರು. ಸುಮಾರು ಹತ್ತು ವರ್ಷಗಳ ಚರ್ಚೆಯ ನಂತರ, 1982ರ ಮೇ 23ರಂದು ದೇಶದಾದ್ಯಂತ ಹೊಸ ವೇಳಾಪಟ್ಟಿ ಜಾರಿಗೆ ಬಂತು. ಅದರ ಸೂತ್ರ ಸರಳ: ಗಂಟೆಗೊಂದು ರೈಲು, ಪ್ರತಿ ಗಂಟೆಯೂ ಅದೇ ನಿಮಿಷಕ್ಕೆ. ನಿಮ್ಮೂರಿನಿಂದ ಬೆಳಿಗ್ಗೆ 7 ಗಂಟೆ 12 ನಿಮಿಷಕ್ಕೆ ರೈಲಿದ್ದರೆ, 8.12ಕ್ಕೂ ಇದೆ, 9.12ಕ್ಕೂ ಇದೆ, ಸಂಜೆ 6.12ಕ್ಕೂ ಇದೆ. ಪುಸ್ತಕ ನೋಡುವ ಅಗತ್ಯವಿಲ್ಲ. ‘ಹನ್ನೆರಡು’ ಎಂಬ ಒಂದು ಸಂಖ್ಯೆ ನೆನಪಿದ್ದರೆ ಸಾಕು. ಮರೆವು ಬಂದ ಅಜ್ಜನಿಗೂ, ಆಗತಾನೇ ಗಡಿಯಾರ ನೋಡಲು ಕಲಿತ ಮೊಮ್ಮಗಳಿಗೂ ಒಂದೇ ಲೆಕ್ಕ.

ಈಗ ಮುಖ್ಯ ವಿಷಯಕ್ಕೆ ಬರೋಣ. ಬೆಂಗಳೂರಿನ ಮೆಜೆಸ್ಟಿಕ್ ನಿಮಗೆ ಗೊತ್ತು. ರೈಲು ನಿಲ್ದಾಣ, ಬಸ್ ನಿಲ್ದಾಣ, ಮೆಟ್ರೊ, ಮೂರೂ ಅಲ್ಲಿ ಅಕ್ಕಪಕ್ಕ ಇವೆ. ಅದನ್ನು ಜಾಗದ ಗಂಟು ಎನ್ನೋಣ; ಬೇರೆ ಬೇರೆ ದಾರಗಳು ಒಂದು ಜಾಗದಲ್ಲಿ ಸೇರಿವೆ. ಸ್ವಿಟ್ಜರ್ಲೆಂಡಿನವರು ಜಾಗದ ಗಂಟಿನ ಜತೆಗೆ ಸಮಯದ ಗಂಟನ್ನೂ ಹಾಕಿದರು. ದೊಡ್ಡ ನಿಲ್ದಾಣವೊಂದರಲ್ಲಿ ಗಂಟೆ ಹೊಡೆಯಲು ಕೆಲವು ನಿಮಿಷ ಇರುವಾಗ ನಾಲ್ಕೂ ದಿಕ್ಕಿನಿಂದ ರೈಲುಗಳು ಬಂದು ನಿಲ್ಲುತ್ತವೆ. ಜನ ಇಳಿದು, ಒಂದು ಪ್ಲಾಟ್‌ಫಾರಂನಿಂದ ಇನ್ನೊಂದಕ್ಕೆ ನಡೆದು ಹತ್ತಿಕೊಳ್ಳುತ್ತಾರೆ. ಗಂಟೆ ಹೊಡೆದ ಕೆಲವು ನಿಮಿಷಕ್ಕೆ ರೈಲುಗಳೆಲ್ಲ ನಾಲ್ಕೂ ದಿಕ್ಕಿಗೆ ಹೊರಡುತ್ತವೆ. ಮತ್ತೆ ಮುಂದಿನ ಗಂಟೆಗೆ ಇದೇ ಆಟ. ಕೆಲವೆಡೆ ಅರ್ಧ ಗಂಟೆಗೇ. ಯಾವ ದಿಕ್ಕಿನಿಂದ ಬಂದವರೂ ಯಾವ ದಿಕ್ಕಿಗಾದರೂ ಹೆಚ್ಚು ಕಾಯದೆ ಹೋಗಬಹುದು. ಗಂಟೆಗೊಂದು ಗಂಟು.

ಇಂಥ ಗಂಟು ಬಿಗಿಯಾಗಬೇಕಾದರೆ ಒಂದು ಷರತ್ತಿದೆ. ಎರಡು ಗಂಟಿನ ಊರುಗಳ ನಡುವಿನ ಪ್ರಯಾಣ ಒಂದು ಗಂಟೆಗಿಂತ ತುಸು ಕಡಿಮೆ ಇರಬೇಕು. ಜ್ಯೂರಿಕ್‌ನಿಂದ ಬರ್ನ್‌ಗೆ ಆಗ ಸುಮಾರು 70 ನಿಮಿಷ ಬೇಕಾಗುತ್ತಿತ್ತು. ಲೆಕ್ಕ ಹಾಕಿ. 10 ಗಂಟೆಗೆ ಹೊರಟ ರೈಲು 11.10ಕ್ಕೆ ತಲುಪುತ್ತದೆ. ಮುಂದಿನ ಊರಿನ ರೈಲು 11.05ಕ್ಕೇ ಹೊರಟುಹೋಗಿದೆ ಎಂದಿಟ್ಟುಕೊಳ್ಳಿ. ಇನ್ನು 12.05ರ ತನಕ 55 ನಿಮಿಷ ಬೆಂಚೇ ಗತಿ. ಅದೇ ರೈಲು 56 ನಿಮಿಷದಲ್ಲಿ ತಲುಪಿದರೆ? 10.02ಕ್ಕೆ ಹೊರಟರೂ 10.58ಕ್ಕೆ ಬರ್ನ್‌ನಲ್ಲಿರುತ್ತದೆ. 11.05ರ ರೈಲು ಆರಾಮವಾಗಿ ಸಿಗುತ್ತದೆ. ದೊಡ್ಡ ರೈಲಿನಲ್ಲಿ ಉಳಿಸಿದ್ದು 14 ನಿಮಿಷ, ಅಜ್ಜಿಗೆ ಸಿಕ್ಕಿದ್ದು ಪೂರಾ ಒಂದು ಗಂಟೆ. ನಾನು ಕಂಡಂತೆ ಇಷ್ಟು ಒಳ್ಳೆಯ ಬಡ್ಡಿ ಕೊಡುವ ಬ್ಯಾಂಕು ಇನ್ನೂ ಹುಟ್ಟಿಲ್ಲ.

ಅದಕ್ಕೇ ಅಲ್ಲಿನ ಯೋಜಕರು ಒಂದು ಮಾತು ಹೇಳುತ್ತಿದ್ದರು: ಸಾಧ್ಯವಿರುವಷ್ಟು ವೇಗ ಬೇಡ, ಬೇಕಾದಷ್ಟು ವೇಗ ಇರಲಿ. ಜಪಾನ್ ಮತ್ತು ಫ್ರಾನ್ಸ್ ಅತಿ ವೇಗದ ರೈಲಿಗೆ ಹಣ ಹಾಕುತ್ತಿದ್ದ ಕಾಲವದು. ಸ್ವಿಟ್ಜರ್ಲೆಂಡ್ ಮೊದಲು ವೇಳಾಪಟ್ಟಿ ಬರೆಯಿತು, ಆಮೇಲೆ ಅದಕ್ಕೆ ಎಲ್ಲಿ ಹಳಿ ಬೇಕು, ಎಲ್ಲಿ ಸುರಂಗ ಬೇಕು ಎಂದು ನೋಡಿತು. ಮನೆ ಕಟ್ಟಿ ಆಮೇಲೆ ಬಾಗಿಲು ಕೊರೆಯುವವರೇ ಹೆಚ್ಚು. ಇವರು ಓಡಾಟ ಹೇಗೆಂದು ಮೊದಲು ಯೋಚಿಸಿ ಗೋಡೆ ಎಬ್ಬಿಸಿದರು.

1987ರ ಡಿಸೆಂಬರ್ 6ರಂದು ಈ ಯೋಜನೆಯನ್ನು ಜನರ ಮುಂದಿಟ್ಟರು. ನೂರಕ್ಕೆ ಸುಮಾರು 57 ಮಂದಿ ಒಪ್ಪಿದರು. ಆಮೇಲೆ ಖರ್ಚಿನ ಅಂದಾಜು ಏರುತ್ತ ಹೋದಾಗ ಕೆಲಸವನ್ನು ಹಂತಗಳಾಗಿ ಒಡೆದು, ಮೊದಲ ಹಂತಕ್ಕೆ 740 ಕೋಟಿ ಫ್ರಾಂಕಿನ ಮಿತಿ ಹಾಕಿದರು. ಮುಗಿದಾಗ ಖರ್ಚಾಗಿದ್ದು ಸುಮಾರು 590 ಕೋಟಿ. ಜ್ಯೂರಿಕ್ ಮತ್ತು ಬರ್ನ್ ನಡುವಿನ ದಾರಿಯಲ್ಲಿ 45 ಕಿ.ಮೀ. ಹೊಸ ಹಳಿ ಬಂತು. 2004ರ ಡಿಸೆಂಬರ್ 12ರಂದು, ಒಂದೇ ರಾತ್ರಿಯಲ್ಲಿ ದೇಶದ ಬಹುಪಾಲು ರೈಲುಗಳ ಸಮಯ ಬದಲಾಯಿತು. ಜ್ಯೂರಿಕ್, ಬರ್ನ್, ಬಾಸೆಲ್ ಈ ಮೂರು ಊರುಗಳಲ್ಲಿ ಯಾವುದರಿಂದ ಯಾವುದಕ್ಕೆ ಹೋದರೂ ಒಂದು ಗಂಟೆಯೊಳಗೆ ತಲುಪುವಂತಾಯಿತು. ಮತ ಹಾಕಿದ್ದಕ್ಕೂ ಗಂಟು ಬಿದ್ದದ್ದಕ್ಕೂ ನಡುವೆ 17 ವರ್ಷ. ಮತ ಹಾಕುವಾಗ ಹುಟ್ಟಿದ ಕೂಸು ಅಷ್ಟರಲ್ಲಿ ಕಾಲೇಜಿನ ವಯಸ್ಸಿಗೆ ಬಂದಿತ್ತು. ಇಂಥ ಕೆಲಸ ಮಾಡುವವರು ತಮಗಾಗಿ ಮಾಡುವುದಿಲ್ಲ, ಮೊಮ್ಮಕ್ಕಳಿಗಾಗಿ ಮಾವಿನ ಗಿಡ ನೆಟ್ಟಂತೆ ಮಾಡುತ್ತಾರೆ.

ಸಮಯದ ಗಂಟಾಯಿತು, ಇನ್ನು ಹಣದ ಗಂಟು. ಸ್ವಿಟ್ಜರ್ಲೆಂಡಿನಲ್ಲಿ ರೈಲು, ಬಸ್ಸು, ಟ್ರಾಮು, ದೋಣಿ ನಡೆಸುವ ಸಂಸ್ಥೆಗಳು ಒಂದೆರಡಲ್ಲ, ಸುಮಾರು 250. ಆದರೆ ಪ್ರಯಾಣಿಕನ ಕೈಯಲ್ಲಿ ಟಿಕೆಟ್ ಒಂದೇ. ಜ್ಯೂರಿಕ್‌ನಲ್ಲಿ ಕೊಂಡ ಟಿಕೆಟ್ಟಿನಲ್ಲಿ ಸರ್ಕಾರಿ ರೈಲು, ಖಾಸಗಿ ಸಣ್ಣ ರೈಲು, ಹಳ್ಳಿಯ ಬಸ್ಸು ಎಲ್ಲದರಲ್ಲೂ ಹೋಗಬಹುದು. ಹಾಗಾದರೆ ಹಣ ಯಾರಿಗೆ?

ಇದು ಬ್ಯಾಂಕಿನವರಿಗೆ ಬೇಗ ಅರ್ಥವಾಗುತ್ತದೆ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಚೆಕ್ಕುಗಳಿಗೆ ಕ್ಲಿಯರಿಂಗ್ ಎಂಬ ವ್ಯವಸ್ಥೆ ಇತ್ತು. ಊರಿನ ಎಲ್ಲ ಬ್ಯಾಂಕುಗಳ ಗುಮಾಸ್ತರು ಗೊತ್ತಾದ ಹೊತ್ತಿಗೆ ಒಂದು ಹಾಲಿನಲ್ಲಿ ಸೇರುತ್ತಿದ್ದರು. ನಿಮ್ಮ ಬ್ಯಾಂಕಿನ ಚೆಕ್ಕು ನಮ್ಮಲ್ಲಿ, ನಮ್ಮದು ನಿಮ್ಮಲ್ಲಿ. ಕಟ್ಟುಗಳನ್ನು ಅದಲುಬದಲು ಮಾಡಿ, ಕೂಡಿ ಕಳೆದು, ಉಳಿದ ವ್ಯತ್ಯಾಸವನ್ನು ಮಾತ್ರ ಕೊಟ್ಟು ತೆಗೆದುಕೊಳ್ಳುವುದು. ಗಿರಾಕಿಗೆ ಇದೊಂದೂ ಕಾಣುತ್ತಿರಲಿಲ್ಲ. ಅವನು ತನ್ನ ಬ್ಯಾಂಕಿಗೆ ಚೆಕ್ಕು ಹಾಕಿ ಮನೆಗೆ ಹೋಗುತ್ತಿದ್ದ. ಸ್ವಿಸ್ ಟಿಕೆಟ್ಟೂ ಹಾಗೆಯೇ. ಯಾವ ಗಾಡಿಯಲ್ಲಿ ಎಷ್ಟು ಜನ, ಎಷ್ಟು ದೂರ ಹೋದರು ಎಂದು ಎಣಿಸಿ, ಒಟ್ಟು ಹಣವನ್ನು ಸಂಸ್ಥೆಗಳು ತಮ್ಮತಮ್ಮಲ್ಲೇ ಹಂಚಿಕೊಳ್ಳುತ್ತವೆ. ಲೆಕ್ಕದ ತಲೆನೋವು ಸಂಸ್ಥೆಗಳಿಗೆ, ಟಿಕೆಟ್ಟಿನ ನೆಮ್ಮದಿ ಪ್ರಯಾಣಿಕನಿಗೆ. ಅಲ್ಲಿನ ನಿಲ್ದಾಣಗಳಲ್ಲಿ ತಡೆಗೇಟೂ ಇಲ್ಲ. ಯಾರು ಬೇಕಾದರೂ ಒಳಗೆ ನಡೆದು ಹೋಗಬಹುದು. ಆದರೆ ತಪಾಸಣೆಯವರು ಯಾವಾಗ ಬರುತ್ತಾರೋ ಹೇಳಲಾಗದು. ಟಿಕೆಟ್ಟಿಲ್ಲದೆ ಸಿಕ್ಕಿಬಿದ್ದರೆ ದಂಡ ಚೆನ್ನಾಗಿಯೇ ಬೀಳುತ್ತದೆ.

ಅಲ್ಲಿನ ಟಿಕೆಟ್ ದುಬಾರಿ, ಅದನ್ನು ಮುಚ್ಚಿಡುವಂತಿಲ್ಲ. ಅದಕ್ಕಾಗಿ ಅರ್ಧ ದರದ ಕಾರ್ಡೊಂದಿದೆ. ವರ್ಷಕ್ಕೊಮ್ಮೆ ಅದನ್ನು ಕೊಂಡರೆ ಹೆಚ್ಚಿನ ಕಡೆ ಅರ್ಧ ದುಡ್ಡಿಗೆ ಹೋಗಬಹುದು. ಈ ಕಾರ್ಡ್ ಆರಂಭವಾದದ್ದು 1891ರಲ್ಲಿ. 1987ರಲ್ಲಿ ಅದರ ಬೆಲೆಯನ್ನು 100 ಫ್ರಾಂಕಿಗೆ ಇಳಿಸಿದ ಮೇಲೆ ಜನ ಮುಗಿಬಿದ್ದು ಕೊಂಡರು. ಈಗ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರ ಜೇಬಿನಲ್ಲಿ ಅದಿದೆ.

ಮಕ್ಕಳೇ, ನಿಮಗೆ ಇಷ್ಟವಾಗುವ ಸಂಗತಿ ಈಗ ಬಂತು. ಆರು ವರ್ಷದೊಳಗಿನ ಮಕ್ಕಳಿಗೆ ಅಲ್ಲಿ ಟಿಕೆಟ್ ಇಲ್ಲ. ಆರು ತುಂಬಿದವರಿಗೆ, ಹದಿನಾರಾಗುವ ತನಕ, ವರ್ಷಕ್ಕೆ 30 ಫ್ರಾಂಕಿನ ಒಂದು ಕಾರ್ಡು. ಅದಿದ್ದರೆ ಅಪ್ಪ ಅಥವಾ ಅಮ್ಮನ ಜತೆ ವರ್ಷವಿಡೀ ದೇಶ ಸುತ್ತಬಹುದು. ಅಜ್ಜ ಅಜ್ಜಿಯರ ಜತೆ ಹೋಗಲಿಕ್ಕೆಂದೇ ಅಷ್ಟೇ ಬೆಲೆಯ ಇನ್ನೊಂದು ಕಾರ್ಡಿತ್ತು. ಅದರ ಹೆಸರೇ ‘ಮೊಮ್ಮಕ್ಕಳ ಕಾರ್ಡು’. ಈಗ ಅದರ ಹೆಸರು ಬದಲಾಗಿ, ಯಾವ ಹಿರಿಯರ ಜತೆ ಬೇಕಾದರೂ ಹೋಗಬಹುದಾಗಿದೆ. ರೈಲ್ವೆಯ ಕಚೇರಿಯೊಳಗೆ ಕುಳಿತ ಯಾರೋ ಒಬ್ಬರು ಮೊಮ್ಮಗುವಿನ ಕೈ ಹಿಡಿದ ಅಜ್ಜಿಯನ್ನು ನೆನೆದುಕೊಂಡೇ ಈ ಕಾರ್ಡು ಮಾಡಿರಬೇಕು ಎಂದು ನನಗನ್ನಿಸುತ್ತದೆ.

ಹಾಗಾದರೆ ಹಳಿಯಿಲ್ಲದ ಹಳ್ಳಿಗಳ ಗತಿ? ಅಲ್ಲಿಗೆ ಹಳದಿ ಬಣ್ಣದ ಅಂಚೆ ಬಸ್ಸು ಹೋಗುತ್ತದೆ. ಹಿಂದೆ ಕುದುರೆಗಾಡಿಯಲ್ಲಿ ಕಾಗದದ ಜತೆ ಜನರನ್ನೂ ಕರೆದೊಯ್ಯುತ್ತಿದ್ದ ಅಂಚೆ ಇಲಾಖೆ, 1906ರಲ್ಲಿ ಮೊದಲ ಮೋಟಾರು ಬಸ್ಸು ಬಿಟ್ಟಿತು. ಬೆಟ್ಟದ ತಿರುವುಗಳಲ್ಲಿ ಈ ಬಸ್ಸು ಮೂರು ಸ್ವರದ ಹಾರನ್ನು ಊದುತ್ತದೆ. ಆ ಮೂರು ಸ್ವರ ರೊಸ್ಸಿನಿ ಎಂಬ ಸಂಗೀತಗಾರನ ‘ವಿಲಿಯಂ ಟೆಲ್’ ಸಂಗೀತ ನಾಟಕದ ಆರಂಭದ ವಾದ್ಯಸಂಗೀತದಿಂದ ತೆಗೆದದ್ದು. ನೀಲಿ ಫಲಕದ ಮೇಲೆ ಹಳದಿ ಕೊಂಬಿನ ಚಿತ್ರವಿರುವ ಬೆಟ್ಟದ ರಸ್ತೆಗಳಲ್ಲಿ, ಎದುರು ಬಂದ ಕಾರಿನವರು ಹಿಂದಕ್ಕೆ ಸರಿಯಬೇಕೋ ಬದಿಗೆ ನಿಲ್ಲಬೇಕೋ ಎಂಬುದನ್ನು ಅಂಚೆ ಬಸ್ಸಿನ ಚಾಲಕರು ಹೇಳುತ್ತಾರೆ, ಕಾರಿನವರು ಕೇಳಬೇಕು. ಆ ದೇಶದ ನಿಯಮವೊಂದನ್ನು ನಾನು ಎರಡು ಸಲ ಓದಿದೆ: ವರ್ಷವಿಡೀ ಕನಿಷ್ಠ 100 ಜನ ವಾಸಿಸುವ ಊರಿದ್ದರೆ ಸಾಕು, ಸಾರ್ವಜನಿಕ ಸಾರಿಗೆಯ ಸೌಲಭ್ಯಕ್ಕೆ ಅದು ಅರ್ಹ. ನೂರೇ ಜನ! ಇಂಥ ಬಸ್ಸಿನ ಖರ್ಚು ಟಿಕೆಟ್ಟಿನಿಂದ ಹುಟ್ಟುವುದಿಲ್ಲ. ಉಳಿದದ್ದನ್ನು ಒಕ್ಕೂಟ ಸರ್ಕಾರವೂ ಪ್ರಾಂತ ಸರ್ಕಾರವೂ ಭರಿಸುತ್ತವೆ. ಅಂದರೆ ಊರಿನಲ್ಲಿ ಕಾರು ಓಡಿಸುವವನ ತೆರಿಗೆಯೂ ಬೆಟ್ಟದ ತುದಿಯ ಅಜ್ಜಿಯ ಬಸ್ಸಿಗೆ ಸೇರುತ್ತದೆ.

ಬೆಟ್ಟ ಅಂದಮೇಲೆ ಹಲ್ಲುಹಳಿಯ ರೈಲಿನ ಮಾತು ಬರಲೇಬೇಕು. ಕಡಿದಾದ ಏರಿನಲ್ಲಿ ಚಕ್ರ ಜಾರುತ್ತದೆ. ಅದಕ್ಕೆ ಎರಡು ಹಳಿಗಳ ನಡುವೆ ಹಲ್ಲುಗಳಿರುವ ಪಟ್ಟಿ ಹಾಕಿ, ಎಂಜಿನ್ನಿನ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು ಏರುವಂತೆ ಮಾಡುತ್ತಾರೆ. 1889ರಲ್ಲಿ ಆರಂಭವಾದ ಪಿಲಾಟಸ್ ಬೆಟ್ಟದ ರೈಲು, ಅತಿ ಕಡಿದಾದ ಕಡೆ 100 ಮೀಟರ್ ಮುಂದೆ ಹೋಗುವಷ್ಟರಲ್ಲಿ 48 ಮೀಟರ್ ಮೇಲೇರುತ್ತದೆ. 1912ರಲ್ಲಿ ತಲುಪಿದ ಯುಂಗ್‌ಫ್ರಾವ್‌ಯೋಖ್ ನಿಲ್ದಾಣ 3,454 ಮೀಟರ್ ಎತ್ತರದಲ್ಲಿದೆ. ಇಂಥ ಹಲ್ಲುಹಳಿ ನೋಡಲು ನೀವು ಅಷ್ಟು ದೂರ ಹೋಗಬೇಕಿಲ್ಲ. ಮೈಸೂರಿನಿಂದ ಊಟಿಗೆ ಹೋದವರು ನೀಲಗಿರಿಯ ಪುಟ್ಟ ರೈಲನ್ನು ಕಂಡಿರುತ್ತೀರಿ. ಮೆಟ್ಟುಪಾಳ್ಯದಿಂದ ಏರುವ ಆ ರೈಲಿನ ಹಲ್ಲುಹಳಿ ಕಾರ್ಲ್ ರೋಮನ್ ಆಪ್ಟ್ ಎಂಬ ಸ್ವಿಸ್ ಎಂಜಿನಿಯರ್ ಕಂಡುಹಿಡಿದ ಮಾದರಿಯದು. ಅದರ ಹಳೆಯ ಉಗಿ ಎಂಜಿನ್ನುಗಳು ತಯಾರಾದದ್ದೂ ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್ ಪಟ್ಟಣದಲ್ಲಿ.

ಈಗ ಬೆಟ್ಟ ಇಳಿದು ನಗರಗಳಿಗೆ ಹೋಗೋಣ. ಜ್ಯೂರಿಕ್ ಆ ದೇಶದ ಅತಿ ದೊಡ್ಡ ನಗರ. ರಸ್ತೆಯಲ್ಲಿ ಕಾರು ಹೆಚ್ಚಿದಾಗ ಟ್ರಾಮುಗಳನ್ನು ನೆಲದಡಿಗೆ ಇಳಿಸೋಣ ಎಂದು 1962ರಲ್ಲಿ ಒಂದು ಯೋಜನೆ ಬಂತು. ಜನ ಮತ ಹಾಕಿ ಬೇಡವೆಂದರು. 1973ರಲ್ಲಿ ಸುರಂಗ ಮೆಟ್ರೊ ಸೇರಿದ್ದ ಯೋಜನೆ ಬಂತು, ಅದನ್ನೂ ಬೇಡವೆಂದರು. 1977ರಲ್ಲಿ ಮಾತ್ರ, ಇರುವ ಟ್ರಾಮು ಬಸ್ಸುಗಳನ್ನೇ ಚುರುಕುಗೊಳಿಸಲು 20 ಕೋಟಿ ಫ್ರಾಂಕ್ ಖರ್ಚು ಮಾಡಿ ಎಂದು ಮತ ಹಾಕಿದರು. ಟ್ರಾಮಿಗೆ ರಸ್ತೆಯಲ್ಲಿ ಪ್ರತ್ಯೇಕ ಜಾಗ ಬಂತು. ಟ್ರಾಮು ಹತ್ತಿರ ಬರುವುದನ್ನು ತಿಳಿದು ಸಿಗ್ನಲ್ ತಾನೇ ಹಸಿರಾಗುವ ಏರ್ಪಾಡಾಯಿತು. ಆಮೇಲೆ 1981ರಲ್ಲಿ ಸುತ್ತಲಿನ ಊರುಗಳ ರೈಲಿಗೆ ಒಪ್ಪಿಗೆ ಕೊಟ್ಟರು, ಅದು 1990ರ ಮೇ ತಿಂಗಳಲ್ಲಿ ಆರಂಭವಾಯಿತು. ಈಗ ಜ್ಯೂರಿಕ್‌ನ ಮುಖ್ಯ ನಿಲ್ದಾಣದಲ್ಲಿ ದಿನಕ್ಕೆ 3,000ಕ್ಕೆ ಹತ್ತಿರ ರೈಲುಗಳ ಓಡಾಟ.

ಜಿನೀವಾ ನಗರದ ಕಥೆ ಇದಕ್ಕೆ ತಿರುಗುಮುರುಗು. ಅಲ್ಲಿ ಕಾರಿಗೆ ಜಾಗ ಮಾಡಿಕೊಡಲು ಟ್ರಾಮುಗಳನ್ನು ಒಂದೊಂದಾಗಿ ಕಿತ್ತುಹಾಕಿದರು. 1969ರ ಹೊತ್ತಿಗೆ ಉಳಿದದ್ದು 12ನೇ ನಂಬರಿನ ಒಂದೇ ಮಾರ್ಗ. 1862ರಲ್ಲಿ ಕುದುರೆ ಟ್ರಾಮಾಗಿ ಹುಟ್ಟಿದ ಹಾದಿ ಅದು. 1995ರಿಂದ ಮತ್ತೆ ಹೊಸ ಟ್ರಾಮು ಹಳಿಗಳನ್ನು ಹಾಕುತ್ತ ಬಂದಿದ್ದಾರೆ. ಕೀಳುವುದಕ್ಕಿಂತ ಹಾಕುವುದಕ್ಕೆ ಹೆಚ್ಚು ಹಣ ಬೇಕು ಎಂಬುದು ಎಲ್ಲ ಊರುಗಳೂ ನೆನಪಿಡಬೇಕಾದ ಮಾತು.

ಬಾಸೆಲ್ ಹೆಸರು ಕರಾವಳಿಯ ಅಜ್ಜ ಅಜ್ಜಿಯರಿಗೆ ಹೊಸದಲ್ಲ. ಮಂಗಳೂರಿನ ಹೆಂಚಿನ ಕಾರ್ಖಾನೆ, 1843ರ ‘ಮಂಗಳೂರ ಸಮಾಚಾರ’ ಪತ್ರಿಕೆ, ಕಿಟೆಲ್ ನಿಘಂಟು, ಇವೆಲ್ಲದರ ಹಿಂದಿದ್ದ ಬಾಸೆಲ್ ಮಿಷನ್ನಿನ ತವರು ಈ ನಗರ. ಮೂರು ದೇಶಗಳು ಕೂಡುವ ಮೂಲೆಯಲ್ಲಿ ಅದಿದೆ. ಅಲ್ಲಿನ ಹಸಿರು ಟ್ರಾಮಿನಲ್ಲಿ 8ನೇ ನಂಬರು ಜರ್ಮನಿಗೆ, 3ನೇ ನಂಬರು ಫ್ರಾನ್ಸಿಗೆ ಹೋಗುತ್ತದೆ. ಟ್ರಾಮು ಹತ್ತಿ ಪರದೇಶ! ಅಲ್ಲಿನ ರೈನ್ ನದಿಯ ಮೇಲೆ ಎಂಜಿನ್ನೇ ಇಲ್ಲದ ನಾಲ್ಕು ದೋಣಿಗಳೂ ಇವೆ. ನದಿಗೆ ಅಡ್ಡಲಾಗಿ ಕಟ್ಟಿದ ತಂತಿಗೆ ದೋಣಿಯನ್ನು ಬಿಗಿದಿರುತ್ತಾರೆ. ಅಂಬಿಗ ದೋಣಿಯನ್ನು ಓರೆಯಾಗಿಸಿದರೆ, ಹರಿಯುವ ನೀರೇ ಅದನ್ನು ಆಚೆ ದಡಕ್ಕೆ ನೂಕುತ್ತದೆ.

ಲೊಸಾನ್ ಎಂಬ ನಗರ ಕೆರೆಯಂಚಿನಿಂದ ಗುಡ್ಡದ ಮೇಲಕ್ಕೆ ಹಬ್ಬಿದೆ. 1.4 ಲಕ್ಷದಷ್ಟು ಜನರಿರುವ ಆ ಸಣ್ಣ ಊರಿನಲ್ಲಿ, 2008ರಿಂದ ರಬ್ಬರ್ ಚಕ್ರದ, ಚಾಲಕರಿಲ್ಲದ ಮೆಟ್ರೊ ಗುಡ್ಡ ಹತ್ತಿ ಇಳಿಯುತ್ತಿದೆ.

ಎಲ್ಲವೂ ಚಿನ್ನವೆಂದು ತಿಳಿಯಬೇಡಿ. ಬಿಗಿಯಾದ ಗಂಟಿಗೆ ಅದರದೇ ತೊಂದರೆ ಇದೆ. ಒಂದು ರೈಲು ತಡವಾದರೆ ಅದಕ್ಕೆ ಕಾಯುವ ಹತ್ತು ಗಾಡಿಗಳ ಲೆಕ್ಕ ತಪ್ಪುತ್ತದೆ. ಅದಕ್ಕೇ ಅಲ್ಲಿ ಮೂರು ನಿಮಿಷ ತಡವಾದರೂ ‘ತಡ’ ಎಂದೇ ದಾಖಲೆಗೆ ಸೇರುತ್ತದೆ. 2005ರ ಜೂನ್ 22ರ ಸಂಜೆ ರೈಲ್ವೆಯ ವಿದ್ಯುತ್ ಜಾಲ ಕುಸಿದು ಇಡೀ ದೇಶದ ರೈಲುಗಳು ನಿಂತಲ್ಲೇ ನಿಂತವು. ಸುಮಾರು 2 ಲಕ್ಷ ಜನ ದಾರಿಯಲ್ಲಿ ಸಿಕ್ಕಿಕೊಂಡರು. ಎಲ್ಲವನ್ನೂ ಜೋಡಿಸಿದ ಮೇಲೆ ಎಲ್ಲವನ್ನೂ ಕಾಯಬೇಕು.

ಆ ದೇಶ ಚಿಕ್ಕದು, ಶ್ರೀಮಂತವಾದದ್ದು, ಅವರ ಲೆಕ್ಕ ನಮಗೆ ಹೊಂದುವುದಿಲ್ಲ ಎಂದು ಕೆಲವು ಅಜ್ಜಂದಿರು ಹೇಳಬಹುದು. ಹಣದ ಮಾತಿನಲ್ಲಿ ಅದು ನಿಜ. ಆದರೆ ಗಂಟು ಹಾಕುವುದಕ್ಕೆ ಮೊದಲು ಬೇಕಾದದ್ದು ಒಂದು ಪ್ರಶ್ನೆ. ‘ಈ ಗಾಡಿ ಎಷ್ಟು ವೇಗ?’ ಎಂದು ಕೇಳುವವರು ಬಹಳ. ‘ಇಳಿದವರು ಮುಂದೆ ಹೇಗೆ ಹೋಗುತ್ತಾರೆ, ಎಷ್ಟು ಹೊತ್ತು ಕಾಯುತ್ತಾರೆ?’ ಎಂದು ಕೇಳುವವರು ಕಡಿಮೆ. ಈ ಎರಡನೆಯ ಪ್ರಶ್ನೆಗೆ ದುಡ್ಡು ಬೇಡ, ಒಂದು ಪೆನ್ಸಿಲು ಸಾಕು. ಕಾರು ಓಡಿಸಲಾಗದವರು ಯಾರು? ಚಿಕ್ಕವರು ಮತ್ತು ಮುದುಕರು, ಅಂದರೆ ಈ ಪುಟ ಓದುವ ನೀವು ಮತ್ತು ನಾನು. ಗಂಟು ಸರಿಯಾಗಿ ಬಿದ್ದ ಕಡೆ ಹತ್ತು ವರ್ಷದ ಹುಡುಗಿ ಸಂಗೀತದ ಪಾಠಕ್ಕೆ, ಎಂಬತ್ತರ ಅಜ್ಜ ಗೆಳೆಯನ ಮನೆಗೆ, ಯಾರ ಬಿಡುವನ್ನೂ ಕಾಯದೆ ಹೋಗಿಬರಬಹುದು. ಮುಂದಿನ ಸಲ ಬಸ್ಸಿಗೆ ಕಾಯುವಾಗ ಮೊಮ್ಮಕ್ಕಳೂ ಅಜ್ಜಂದಿರೂ ಸೇರಿ ಒಂದು ಚೀಟಿಯಲ್ಲಿ ಬರೆದಿಡಿ: ಗಾಡಿಯೊಳಗೆ ಎಷ್ಟು ನಿಮಿಷ, ಕಾಯುತ್ತ ಎಷ್ಟು ನಿಮಿಷ. ಒಂದು ವಾರ ಬರೆದು ಕೂಡಿಸಿದರೆ ನಿಮ್ಮೂರಿನ ಗಂಟು ಎಲ್ಲಿ ಸಡಿಲವಿದೆ ಎಂದು ತಿಳಿಯುತ್ತದೆ.

ಈ ವಾರದ ಲೆಕ್ಕ: ‘ಅ’ ಊರಿನಿಂದ 8.02ಕ್ಕೆ ಹೊರಡುವ ರೈಲು 56 ನಿಮಿಷದಲ್ಲಿ ‘ಆ’ ಊರು ತಲುಪುತ್ತದೆ. ‘ಆ’ ಊರಿನಿಂದ ಹಳ್ಳಿಗೆ ಪ್ರತಿ ಗಂಟೆಯ 5ನೇ ಮತ್ತು 35ನೇ ನಿಮಿಷಕ್ಕೆ ಬಸ್ಸಿದೆ. ಮೊಣಕಾಲು ನೋವಿನ ಅಜ್ಜಿಗೆ ರೈಲು ಇಳಿದು ಬಸ್ಸು ಹತ್ತಲು 7 ನಿಮಿಷ ಬೇಕು. ಒಬ್ಬ ಎಂಜಿನಿಯರ್ ತುಂಬ ಖರ್ಚು ಮಾಡಿ ರೈಲಿನ ಪ್ರಯಾಣವನ್ನು 41 ನಿಮಿಷಕ್ಕೆ ಇಳಿಸಿದರು. ಅಜ್ಜಿ ಹಳ್ಳಿಗೆ ಎಷ್ಟು ನಿಮಿಷ ಮುಂಚೆ ತಲುಪುತ್ತಾರೆ? ಅವರಿಗೆ ಪೂರಾ ಅರ್ಧ ಗಂಟೆ ಉಳಿಯಬೇಕಾದರೆ ರೈಲು ಎಷ್ಟು ನಿಮಿಷದಲ್ಲಿ ‘ಆ’ ಊರು ತಲುಪಬೇಕು? ರೈಲನ್ನು ಮುಟ್ಟದೆ, ಬರೀ ಬಸ್ಸಿನ ವೇಳೆ ಬದಲಿಸಿ ಅಜ್ಜಿಗೆ ಸಹಾಯ ಮಾಡಲು ಬರುತ್ತದೆಯೇ? ಉತ್ತರ ಮುಂದಿನ ವಾರ.